ಹೂವಪ್ಪನ ತಕರಾರು

ಭದ್ರಾವತಿಯಲ್ಲಿ ವರ್ಕ್‌ಶಾಪೊಂದರಲ್ಲಿ ಲೇತ್ ಮಷೀನ್ ನಡೆಸುವ ಹೂವಪ್ಪ ಆ ವಾರ ಮೂರನೇ ಸಲ ಶಿವಮೊಗ್ಗದ ನೋಂದಣಿ ಕಚೇರಿಗೆ ಬಂದಿದ್ದ. ನೋಟಿಸ್ ಬೋರ್ಡಿನಲ್ಲಿ ಮಗಳು ಪೂಜಿತಾಳ ಫೋಟೊ, ಪಕ್ಕದಲ್ಲಿ ನವೀನನದು. ಇಬ್ಬರೂ ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಗುತ್ತಿಗೆ ನೌಕರರು. ಜಾತಿ ಬೇರೆ. ಈ ಮದುವೆಗೆ ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ತಿಳಿಸಬೇಕೆಂದು ಕೆಳಗೆ ಬರೆದಿತ್ತು. ಆಗಲೇ ಇಪ್ಪತ್ತಾರು ದಿನ ಕಳೆದಿತ್ತು.

ಗುಮಾಸ್ತೆ ಸುಷ್ಮಾ ಅವನನ್ನು ಕಂಡು ಕುರ್ಚಿ ತೋರಿಸಿದಳು.

"ಯಜಮಾನ್ರೇ, ಮೊನ್ನೆನೇ ಹೇಳಿದ್ನಲ್ಲ. ವಯಸ್ಸು ಕಮ್ಮಿ ಇರ್ಬೇಕು, ಇಲ್ಲಾ ಮೊದಲೇ ಮದುವೆ ಆಗಿರ್ಬೇಕು, ಇಲ್ಲಾ ಹತ್ತಿರದ ರಕ್ತಸಂಬಂಧ. ಇಂಥದ್ದೇನಾದ್ರೂ ಇದ್ರೆ ಮಾತ್ರ ತಕರಾರು ನಿಲ್ಲುತ್ತೆ."

"ಅಂಥದ್ದೇನೂ ಇಲ್ಲಮ್ಮ. ಹುಡುಗ ಒಳ್ಳೆಯವನೇ. ಮನೆಗೆ ಬಂದು ಮಾತಾಡಿಸ್ಕೊಂಡೂ ಹೋಗಿದಾನೆ."

"ಮತ್ತೆ?"

"ಜಾತಿ ಬೇರೆ ಅಂತ ಬರ್ಕೊಡ್ತೀನಿ."

"ಕಾನೂನಿನಲ್ಲಿ ಅದು ಕಾರಣನೇ ಅಲ್ಲ. ಸಾಹೇಬ್ರು ತಳ್ಳಿಹಾಕ್ತಾರೆ."

"ಹಾಕ್ಲಿ. ತಳ್ಳಿಹಾಕಿದೀವಿ ಅಂತ ಸೀಲು ಒತ್ತಿ ಒಂದು ಕಾಗದ ಕೊಡ್ತಾರಾ?"

ಸುಷ್ಮಾ ಪೆನ್ನು ಕೆಳಗಿಟ್ಟಳು.

ಹೂವಪ್ಪ ತಗ್ಗಿದ ದನಿಯಲ್ಲಿ ಹೇಳಿದ. ಮನೆಯಲ್ಲಿ ತಾಯಿ ಹಾಸಿಗೆ ಹಿಡಿದು ಎರಡು ವರ್ಷ. ಜಾತಿ ಸಂಘದ ಅಧ್ಯಕ್ಷ ವೀರಪ್ಪ ಮನೆಗೆ ಬಂದು, ಕಾಫಿ ಕುಡಿದು, ಮದುವೆ ನಿಲ್ಲಿಸು ಎಂದಿದ್ದರು. ಬಹಿಷ್ಕಾರ ಎಂಬ ಮಾತನ್ನು ಅವರು ಆಡಲಿಲ್ಲ. ಆಡಿದರೆ ಕೇಸಾಗುತ್ತದೆ ಎಂದು ಅವರಿಗೂ ಗೊತ್ತು. "ನಾಳೆ ನಿಮ್ಮಮ್ಮನಿಗೆ ಹೆಚ್ಚುಕಮ್ಮಿ ಆದ್ರೆ ಹೆಗಲು ಕೊಡೋಕೆ ಜನ ಬರಲ್ಲ ಮಾರಾಯ, ಅಷ್ಟೆ" ಎಂದು ಮೆಲ್ಲಗೆ ಹೇಳಿ ಎದ್ದಿದ್ದರು.

"ನಾನು ತಡೆಯೋಕೆ ಹೋದೆ, ಸರ್ಕಾರ ಕೇಳ್ಲಿಲ್ಲ. ಅದನ್ನ ಅವ್ರಿಗೆ ತೋರಿಸ್ಬೇಕು ತಾಯಿ."

"ನಿಮ್ಮ ಅರ್ಜಿ ಮಗಳ ಫೈಲಿನಲ್ಲೇ ಸೇರುತ್ತೆ. ಅವಳೂ ನೋಡ್ತಾಳೆ."

ಹೂವಪ್ಪ ಹಾಳೆ ಕೇಳಿ ಪಡೆದು ನಾಲ್ಕು ಸಾಲು ಬರೆದು ಸಹಿ ಹಾಕಿದ.

ಎರಡು ದಿನದ ಮೇಲೆ ಹಿಂಬರಹ ಸಿಕ್ಕಿತು. 'ಕಾಯ್ದೆಯಲ್ಲಿ ಹೇಳಿದ ಕಾರಣ ಇಲ್ಲದ್ದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ.' ಕೆಳಗೆ ನೇರಳೆ ಬಣ್ಣದ ಸೀಲು.

ವೀರಪ್ಪ ತಮ್ಮ ಗೊಬ್ಬರದಂಗಡಿಯಲ್ಲಿ ಕೂತು ಅದನ್ನು ಎರಡು ಸಲ ಓದಿದರು.

"ಸರ್ಕಾರನೇ ಹಿಂಗೆ ಅಂದ್ಮೇಲೆ ನೀನೇನು ಮಾಡ್ತೀಯ? ನಿನ್ನ ಕೈಲಾದ್ದು ಮಾಡಿದೀಯ. ಸಂಘದವ್ರಿಗೆ ನಾನು ಹೇಳ್ತೀನಿ. ಹುಡುಗಿ ಮಾತ್ರ ಸದ್ಯಕ್ಕೆ ಈ ಕಡೆ ಬರೋದು ಬೇಡ."

"ಆಯ್ತು."

ಕಾಗದ ಹಿಂದಕ್ಕೆ ಕೊಡುವಾಗ ವೀರಪ್ಪ ಸುತ್ತ ನೋಡಿ, "ನಂಗೂ ಕಾಲೇಜಿಗೆ ಹೋಗೋ ಮೊಮ್ಮಕ್ಕಳಿದಾರೆ ಕಣಯ್ಯ" ಎಂದರು.

ಮದುವೆಯ ದಿನ ಹೆಂಡತಿ ಶಕುಂತಲಮ್ಮ ಬೆಳಗಿನ ಬಸ್ಸಿಗೆ ಒಬ್ಬಳೇ ಹೋದಳು. ಹೂವಪ್ಪ ತಾಯಿಗೆ ಗಂಜಿ ಕುಡಿಸಿ ವರ್ಕ್‌ಶಾಪಿಗೆ ಹೋದ. ಮಧ್ಯಾಹ್ನ ಮಗಳ ಫೋನ್ ಬಂತು. ಅವನು ಮಷೀನ್ ನಿಲ್ಲಿಸಿ ಹೊರಗೆ ಬಂದ.

"ಆಯ್ತಪ್ಪ, ಸಹಿ ಆಯ್ತು."

"ಒಳ್ಳೇದಾಯ್ತು ಕಣಮ್ಮ."

ಅವಳು ಕೇಳಿದಳು: "ನೀನು ತಕರಾರು ಹಾಕಿದ್ಯಂತೆ. ಫೈಲಲ್ಲಿ ನೋಡ್ದೆ. ಅಮ್ಮ ಏನೇನೋ ಕಾರಣ ಹೇಳಿದ್ಲು. ನಿನ್ನ ಬಾಯಿಂದ ಕೇಳೋಣ ಅಂತ."

"ಹಾಕಿದ್ದೆ. ತಳ್ಳಿಹಾಕ್ತಾರೆ ಅಂತ ಗೊತ್ತಿದ್ದೇ ಹಾಕಿದ್ದೆ."

"ಒಂದ್ಮಾತು ಮೊದಲೇ ಹೇಳ್ಬಹುದಿತ್ತಲ್ಲಪ್ಪ."

"ಹೇಳೋ ಮುಖ ಇರ್ಲಿಲ್ಲ ಕಣೆ."

ಆ ಕಡೆ ಅವಳು ಅಳುತ್ತಿದ್ದಳೋ ಏನೋ, ಬಸ್ಸುಗಳ ಸದ್ದಿನಲ್ಲಿ ಗೊತ್ತಾಗಲಿಲ್ಲ. ಹೂವಪ್ಪ ಬಾಗಿಲ ಕಟ್ಟೆಯ ಮೇಲೆ ಕೂತುಬಿಟ್ಟ.

"ಮನೆ ಎಲ್ಲಿ ಮಾಡಿದೀರಿ?"

"ರಾಗಿಗುಡ್ಡದ ಹತ್ರ."

"ಭಾನುವಾರ ಬರ್ತೀನಿ. ಬಸ್ಸಿಳಿದ್ಮೇಲೆ ಯಾವ ಕಡೆ ತಿರುಗ್ಬೇಕು, ಹೇಳು."