ಗುಟ್ಟಾಗಿ ಸಂಡೂರಿಗೆ

ಹಂಪಿ ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದ ದುರುಗೇಶನಿಗೆ ಸಹಪಾಠಿ ಸುಮಂಗಲಾ ಹಾಕಿದ್ದು ಒಂದೇ ಷರತ್ತು. ಮನೆಯವರ ಮುಂದೆ ಮದುವೆ ಮಾತೆತ್ತುವ ಮೊದಲು ಇಬ್ಬರೂ ಎಚ್‌ಐವಿ ಪರೀಕ್ಷೆ ಮಾಡಿಸಬೇಕು. "ಎಲ್ಲೆರ ಮಾಡಿಸ್ಕೊ. ಆದ್ರ ರಿಪೋರ್ಟ್‌ಮ್ಯಾಲ ನಿನ್ನ ಹೆಸ್ರು ಇರಬೇಕು. ಇಲ್ಲಂದ್ರ ನಮ್ಮಪ್ಪನ ಮುಂದ ನಾ ಬಾಯಿ ಬಿಡಂಗಿಲ್ಲ," ಎಂದಿದ್ದಳು.

ದುರುಗೇಶ ಸೂಜಿಗೆ ಹೆದರುವವನಲ್ಲ. ಅವನ ಹೆದರಿಕೆಯೆಲ್ಲ ನೋಡುವವರದು. ಶುಕ್ರವಾರ ಕ್ಯಾಂಪಸ್ಸಿಗೇ ಪರೀಕ್ಷಾ ವ್ಯಾನ್ ಬರುವುದಿತ್ತು, ಆದರೆ ಹಾಸ್ಟೆಲ್ ಹುಡುಗರು ಕಂಡರೆ ಮುಗಿಯಿತು ಕಥೆ. ಕಂಪ್ಲಿ ಹುಟ್ಟೂರು, ಬೇಡವೇ ಬೇಡ. ಹೊಸಪೇಟೆಯ ಆಸ್ಪತ್ರೆ ಗೇಟಿನಲ್ಲಿ ಸೋದರಮಾವ ಎರ್ರಿಯಪ್ಪ ಎಳನೀರು ಮಾರುತ್ತಾನೆ. ಅಳಿಯ ಒಳಗೆ ಹೋದದ್ದು ಕಂಡರೆ ಸಂಜೆಯೊಳಗೆ ಇಡೀ ಬಳಗ ಬ್ರೆಡ್ಡು, ಬಾಳೆಹಣ್ಣು ಹಿಡಿದು ಬರುತ್ತದೆ. ಕಿಟ್ ತರಿಸಿ ರೂಮಿನಲ್ಲೇ ನೋಡಿಕೊಳ್ಳೋಣವೆಂದರೆ, ಬಂದ ಪಾರ್ಸೆಲ್ಲನ್ನು ವಾಚ್‌ಮನ್ ಮೂಸಿ ನೋಡದೆ ಬಿಡುವವನಲ್ಲ. ಉಳಿದದ್ದು ಸಂಡೂರು. ಅಲ್ಲಿ ಅವನನ್ನು ಬಲ್ಲ ನಾಯಿಯೂ ಇರಲಿಲ್ಲ.

ಶುಕ್ರವಾರ ಮಾಸ್ಕು, ಕಪ್ಪು ಕನ್ನಡಕ ಹಾಕಿ, ತಲೆಗೆ ಟವೆಲ್ಲು ಸುತ್ತಿ, ಬ್ಯಾಂಕು ದೋಚಲು ಹೊರಟವನ ಹಾಗೆ ಸಂಡೂರಿನ ಪರೀಕ್ಷಾ ಕೇಂದ್ರಕ್ಕೆ ಬಂದ. ಹೆಸರು ಕೇಳಿದಾಗ ಬಾಯಿಗೆ ಬಂದದ್ದು ಹಾಸ್ಟೆಲ್ ವಾರ್ಡನ್ ಹೊನ್ನೂರುಸ್ವಾಮಿಯ ಹೆಸರು. ಅವರ ಹಾಸ್ಟೆಲ್ಲಿನ ಪದ್ಧತಿಯೇ ಅದು: ಎಲ್ಲಿ ಸಿಕ್ಕಿಬಿದ್ದರೂ ವಾರ್ಡನ್ ಹೆಸರು ಹೇಳಿ ಪಾರಾಗುವುದು.

ಬೆಂಚಿನ ಮೇಲೆ ಇನ್ನೂ ಮೂವರು ಮುಖ ಮುಚ್ಚಿಕೊಂಡು ಕೂತಿದ್ದರು. ಪಾಪ, ಯಾವ ಊರಿನವರೋ ಎಂದುಕೊಂಡ.

ಆಪ್ತ ಸಮಾಲೋಚಕಿ ಯಮನಮ್ಮ ಬಾಗಿಲಿಗೆ ಬಂದು ಕರೆದರು. "ಹೊನ್ನೂರುಸ್ವಾಮಿ, ಬರ್ರಿ."

ದುರುಗೇಶ ಎದ್ದ. ಅವನ ಜೊತೆಗೇ ಇನ್ನಿಬ್ಬರೂ ಎದ್ದರು. ಮೂಲೆಯ ಮಂಕಿ ಕ್ಯಾಪಿನವರು ಮಾತ್ರ ಕೂತಲ್ಲೇ ಕುಸಿದರು.

"ಮೂರು ಮಂದಿ ಹೊನ್ನೂರುಸ್ವಾಮಿ ಏನ್ರಿ? ಇರ್ರಿ, ಮೊದ್ಲು ಇನ್ನೊಬ್ರನ್ನ ಕರೀತೀನಿ. ದುರುಗೇಶ್!"

ತನ್ನದೇ ಹೆಸರು ಕೇಳಿ ದುರುಗೇಶ ಗಕ್ಕನೆ ಹಿಂದೆ ತಿರುಗಿದ. ಮಂಕಿ ಕ್ಯಾಪು ಮೆಲ್ಲಗೆ ಎದ್ದಿತು. ಆ ಹೊಟ್ಟೆ, ಆ ಕೆಮ್ಮು! ಸಾಕ್ಷಾತ್ ವಾರ್ಡನ್ ಹೊನ್ನೂರುಸ್ವಾಮಿಯೇ. ತಡವಾಗಿ ಬರುವ ದುರುಗೇಶನನ್ನು ದಿನಾ ಬೈದು ಬೈದು ಅವರ ನಾಲಿಗೆಗೂ ಆ ಹೆಸರೇ ಅಂಟಿಕೊಂಡಿತ್ತು.

ದುರುಗೇಶನಿಗೆ ಓಡಿಹೋಗಬೇಕೆನಿಸಿತು. ಓಡಿದರೆ ಸುಮಂಗಲಾ ಕೈತಪ್ಪುತ್ತಾಳೆ, ಸುಮ್ಮನೆ ನಿಂತರೆ ತನ್ನ ಹೆಸರಿನಲ್ಲಿ ವಾರ್ಡನ್ ರಕ್ತ ಕೊಡುತ್ತಾರೆ. ಕನ್ನಡಕ, ಮಾಸ್ಕು, ಟವೆಲ್ಲು ಎಲ್ಲ ಕಿತ್ತೆಸೆದು, "ಮೇಡಂ, ಖರೇ ದುರುಗೇಶ ನಾನ್ರಿ! ಕಂಪ್ಲಿಯವ!" ಎಂದು ಕೂಗಿಯೇಬಿಟ್ಟ.

"ಲೇ, ನೀನೂ ಬಂದಿಯೇನಲೇ!" ಎಂದು ಉಳಿದಿಬ್ಬರು ಮಾಸ್ಕು ಸರಿಸಿದರು. ಒಬ್ಬ ರೂಮ್‌ಮೇಟ್ ಪಂಪೇಶ್, ಇನ್ನೊಬ್ಬ ಎದುರು ರೂಮಿನ ಗಾದಿಲಿಂಗ.

ಯಮನಮ್ಮನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಕುಂದ್ರಿ, ಎಲ್ಲಾರೂ ಕುಂದ್ರಿ. ಪರೀಕ್ಷೆ ಮಾಡಿಸ್ಕೊಳ್ಳಾದು ಕಳ್ತನ ಅಲ್ರಿ. ಖರೇ ಹೆಸ್ರು ಹೇಳ್ರಿ."

ವಾರ್ಡನ್ ಕ್ಯಾಪು ತೆಗೆದು ಗಂಟಲು ಸರಿಮಾಡಿಕೊಂಡರು. "ಹಾಸ್ಟೆಲ್‌ನಾಗ ಯಾರೂ ಬಾಯಿ ಬಿಡಬ್ಯಾಡ್ರಲೇ. ಈ ತಿಂಗಳು ತಡಾ ಬಂದ್ರೂ ಕೇಳಂಗಿಲ್ಲ."

ಸಂಜೆ ಸುಮಂಗಲಾ ರಿಪೋರ್ಟನ್ನು ಎರಡೆರಡು ಸಲ ಓದಿದಳು. ಸೋಂಕಿಲ್ಲ, ಹೆಸರೂ ಸರಿ. ನಕ್ಕು ತನ್ನದನ್ನೂ ಅವನ ಕೈಗಿಟ್ಟಳು. ದುರುಗೇಶನಿಗೆ ಹೋದ ಜೀವ ಬಂದಂತಾಯಿತು.

"ನೀ ಎಲ್ಲಿ ಮಾಡಿಸ್ದಿ?"

"ಇಲ್ಲೇ, ಕ್ಯಾಂಪಸ್ ವ್ಯಾನ್‌ನಾಗ. ಭಾಳ ಆರಾಮ ಆತು. ನಿಮ್ಮ ಹಾಸ್ಟೆಲ್‌ದೊಂದು ನರಪಿಳ್ಳೆನೂ ಅಲ್ಲಿ ಇದ್ದಿದ್ದಿಲ್ಲ."