ಪಂಪು ಕೋವಿಯ ಅಳತೆ

ಕೋವಿಯನ್ನು ಮೊದಲು ಭುಜಕ್ಕೆ ಏರಿಸಿದವರು ಹಿರಿಯಣ್ಣಗೌಡರು. ಲೈಸೆನ್ಸು ಇದ್ದದ್ದು ಕೆರಿಯಪ್ಪನ ಅಂಗಿಯ ಜೇಬಿನಲ್ಲಿ, ಹೋರಿ ಜೋಡಿ ಮಾರಿದ ಹಣ ಇದ್ದದ್ದೂ ಅವನ ಸೊಂಟದಲ್ಲೇ. ಆದರೂ ಸಾಗರದ ಆ ಕೋವಿ ಅಂಗಡಿಯ ಮೆಟ್ಟಿಲು ಹತ್ತಿದ ಕೂಡಲೇ ಸಾಹುಕಾರ ಗಣೇಶಮೂರ್ತಿ ಕುರ್ಚಿ ಎಳೆದುಕೊಟ್ಟದ್ದು ಗೌಡರಿಗೆ, ಕಾಫಿ ತರಿಸಿದ್ದು ಗೌಡರಿಗೆ, ಬೀರುವಿನಿಂದ ಒಂದೊಂದೇ ಕೋವಿ ಇಳಿಸಿ ಒರೆಸಿ ಕೊಟ್ಟದ್ದೂ ಗೌಡರ ಕೈಗೆ. ಕೆರಿಯಪ್ಪ ಬಾಗಿಲ ಪಕ್ಕ ಗೋಡೆಗೆ ಒರಗದೆ ನಿಂತಿದ್ದ. ಸುಣ್ಣ ಹತ್ತೀತು ಎಂದಲ್ಲ. ಗೌಡರೆದುರು ಒರಗಿ ನಿಂತು ಅವನಿಗೆ ಅಭ್ಯಾಸವೇ ಇರಲಿಲ್ಲ.

ಗೌಡರು ಹೊಸನಗರದ ಕಡೆಯ ಸುಳಗೋಡಿನ ಪಟೇಲರು. ಕೆರಿಯಪ್ಪ ಅವರ ಗದ್ದೆಯ ಗೇಣಿದಾರ. ಅದಕ್ಕಿಂತ ಹೆಚ್ಚಾಗಿ ಅವರ ಬೇಟೆಗೆ ಕಣ್ಣೂ ಕೈಯೂ ಅವನೇ. ಗೌಡರ ಹತ್ತಿರ ಕೋವಿ ಎರಡಿದ್ದವು, ಗುರಿ ಮಾತ್ರ ಒಂದೂ ಇರಲಿಲ್ಲ. ಹದಿನೈದು ವರ್ಷಗಳಿಂದ ಸುಳಗೋಡಿನ ಕಾಡಿನ ಹಳುವಿನಲ್ಲಿ ಬಿದ್ದ ಹಂದಿಗಳಲ್ಲಿ ಹತ್ತಕ್ಕೆ ಒಂಬತ್ತು ಬಿದ್ದದ್ದು ಕೆರಿಯಪ್ಪ ಹಾರಿಸಿದ ಈಡಿಗೆ. ಇದು ಊರಿಗೆಲ್ಲ ಗೊತ್ತಿತ್ತು, ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಪಾಲು ಹಾಕುವ ಪದ್ಧತಿಯೇ ಹಾಗಿತ್ತು. ಬಿದ್ದ ಹಂದಿಯ ತಲೆ ಮತ್ತು ಒಂದು ತೊಡೆ ಈಡು ಹೊಡೆದವನಿಗೆ. ಕೋವಿಗೆ ಒಂದು ಪಾಲು, ನಾಯಿಗಳಿಗೆ ಒಂದು ಪಾಲು. ಉಳಿದದ್ದು ಹಳು ನುಗ್ಗಿ ಹಂದಿ ಎಬ್ಬಿಸಿದವರಿಗೆ ಸಮಸಮ. ಆದರೆ ಕೋವಿ ಯಾರದೋ ಈಡೂ ಅವರದೇ ಎಂದು ಗೌಡರ ತಂದೆಯ ಕಾಲದಲ್ಲೇ ತೀರ್ಮಾನವಾಗಿಹೋಗಿತ್ತು. ಹಾಗಾಗಿ ತಲೆ, ತೊಡೆ, ಕೋವಿ ಪಾಲು ಮೂರೂ ಪಟೇಲರ ಮನೆಗೆ. ಕೆರಿಯಪ್ಪನಿಗೆ ಹಳು ನುಗ್ಗಿದವರ ಪಾಲು, ಎಲೆಯಲ್ಲಿ ಕಟ್ಟಿದ ಒಂದು ಗಂಟು. ಮಾರನೆಯ ದಿನ ತೀರ್ಥಹಳ್ಳಿಯ ಬೀಗರನ್ನು ಜಗಲಿಯಲ್ಲಿ ಕೂರಿಸಿಕೊಂಡು ಗೌಡರು ತಾವು ಹೊಡೆದ ಹಂದಿಯ ವರ್ಣನೆ ಮಾಡುತ್ತಿದ್ದರೆ, ಕೆರಿಯಪ್ಪ ಅಂಗಳದಲ್ಲಿ ಸೌದೆ ಒಡೆಯುತ್ತ ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ಮಾಂಸದ ಆಸೆ ಅವನಿಗೆ ಅಷ್ಟಿರಲಿಲ್ಲ. "ಇದು ಕೆರಿಯನ ಈಡು" ಎಂದು ಒಬ್ಬನಾದರೂ ಒಂದು ಸಲ ಹೇಳಬೇಕಿತ್ತು.

ಹೇಳಿದರು, ಹೋದ ಸುಗ್ಗಿಯಲ್ಲಿ. ಲಿಂಗನಮಕ್ಕಿಯ ನೀರು ಏರಿ ಕೆಳಗಿನ ಕಾಡೆಲ್ಲ ಮುಳುಗಿದ ಮೇಲೆ ಅಲ್ಲಿನ ಹಂದಿಗಳೂ ಸುಳಗೋಡಿಗೇ ಬಂದು ಸೇರಿದ್ದವು. ರಾತ್ರಿ ಬೆಳಗಾಗುವುದರೊಳಗೆ ಗದ್ದೆ ಉತ್ತು ಹಾಕಿ ಹೋಗುತ್ತಿದ್ದವು. ಆ ದಿನ ಕೆರಿಯಪ್ಪನ ಕೈಯಲ್ಲಿದ್ದದ್ದು ಗೌಡರ ಒಂಟಿ ನಳಿಗೆ. ಅವರ ಆರಡಿ ಮೈಗೆ ಮಾಡಿಸಿದ ಕೋವಿ. ಗಿಡ್ಡ ಕೈಯ ಕೆರಿಯಪ್ಪ ಅದನ್ನು ಎತ್ತುವಾಗ ಭುಜಕ್ಕೆ ಆನಿಸುವ ಹಿಂದಿನ ಮರ ಕಂಕುಳಿಗೆ ಸಿಕ್ಕಿಕೊಂಡಿತು. ಈಡು ಅರ್ಧ ಗೇಣು ತಪ್ಪಿತು, ಗಾಯಗೊಂಡ ಹಂದಿ ತಿರುಗಿ ನುಗ್ಗಿತು, ಇನ್ನೊಂದು ತೋಟೆ ತುಂಬುವುದರೊಳಗೆ ಅವನ ಹೆಂಡತಿ ಮಾಸ್ತಮ್ಮನ ತಮ್ಮ ಬೆಳ್ಳಪ್ಪನ ತೊಡೆಯನ್ನು ಮೊಣಕಾಲಿನವರೆಗೆ ಸೀಳಿಹಾಕಿತು. ಬೆಳ್ಳಪ್ಪ ಈಗಲೂ ಕಾಲೆಳೆದು ನಡೆಯುತ್ತಾನೆ. ಆ ಸಂಜೆ ಜಗಲಿಯಲ್ಲಿ ಗೌಡರು ಎಲ್ಲರಿಗೂ ಕೇಳುವಂತೆ ಹೇಳಿದ್ದರು: "ಕೆರಿಯನ ಈಡು ಕಣ್ರೋ. ಕೈ ತಪ್ಪಿಸ್ದ, ಬೋಳಿಮಗ." ಬಿದ್ದರೆ ಗೌಡರ ಈಡು, ತಪ್ಪಿದರೆ ಕೆರಿಯಪ್ಪನದು. ಆವತ್ತಿನಿಂದ ಅವನ ಹೊಟ್ಟೆಯೊಳಗೆ ಕೆಂಡ ಬಿದ್ದಿತ್ತು.

ಕೋವಿ ಬೇಕೆಂದು ಅವನು ಅರ್ಜಿ ಹಾಕಿ ಅಲೆದದ್ದಕ್ಕೆ ಲೆಕ್ಕವಿಲ್ಲ. ಎಲ್ಲ ಕಚೇರಿಯಲ್ಲೂ ಒಂದೇ ಮಾತು: ಪಟೇಲರ ರಿಪೋರ್ಟು ತಾ. ಪಟೇಲರು ನಾಳೆ ಬಾ ಎನ್ನುತ್ತಿದ್ದರು. ಹಾಗೆ ಅನ್ನುತ್ತಲೇ ಇದ್ದವರು ಎರಡು ತಿಂಗಳ ಹಿಂದೆ ಇದ್ದಕ್ಕಿದ್ದಂತೆ ತಾವಾಗಿಯೇ ಕರೆಸಿ, ಬೆಳೆ ಕಾಯುವುದಕ್ಕೆ ಇವನಿಗೆ ಕೋವಿ ಅಗತ್ಯವೆಂದು ಬರೆದು ರುಜು ಹಾಕಿಬಿಟ್ಟರು. ಕೆರಿಯಪ್ಪ ಹಿಗ್ಗಿಹೋದ. ಮಾಸ್ತಮ್ಮ ಹಿಗ್ಗಲಿಲ್ಲ.

"ಗೌಡ್ರು ಸುಮ್‌ಸುಮ್ನೆ ಬರ್ದು ಕೊಡೋರಲ್ಲ. ಏನೋ ಐತೆ, ನೋಡ್ತಿರಿ" ಎಂದಿದ್ದಳು.

ಈಗ ಅಂಗಡಿಯಲ್ಲಿ ಗಣೇಶಮೂರ್ತಿ ಒಂದು ಒಂಟಿ ನಳಿಗೆಯ ಹಗುರಾದ ಕೋವಿ ತೆಗೆದಿದ್ದರು. ಕೆರಿಯಪ್ಪ ಮನಸ್ಸಿನಲ್ಲಿ ಇಟ್ಟುಕೊಂಡು ಬಂದದ್ದೂ ಅಂಥದನ್ನೇ. ಅವನು ಒಂದು ಹೆಜ್ಜೆ ಮುಂದೆ ಬಂದ. ಗೌಡರು ಅದನ್ನು ಭುಜಕ್ಕಿಟ್ಟು, ಮೂಗು ಮುರಿದು, ಮೇಜಿನ ಮೇಲೆ ಹಾಕಿದರು.

"ಇದೆಲ್ಲ ಕೊಕ್ಕರೆ ಹೊಡಿಯೋಕೆ ಸಾಹುಕಾರ್ರೇ. ಅದನ್ನ ತೆಗೀರಿ."

"ಅದು ಎಲ್ಲಿ ಹೋಗುತ್ತೆ ಗೌಡರೇ? ನೀವು ಕಾಗದ ಬರೆದಾಗಿಂದ ಯಾರಿಗೂ ತೋರಿಸದೆ ಎತ್ತಿಟ್ಟಿದೀನಿ. ಎರಡು ತಿಂಗಳಾಯ್ತು" ಎಂದು ಗಣೇಶಮೂರ್ತಿ ಒಳಗಿನಿಂದ ಉದ್ದನೆಯ ಪೆಟ್ಟಿಗೆ ತಂದರು.

ಚಿಕ್ಕಮಗಳೂರಿನ ಯಾವುದೋ ಎಸ್ಟೇಟಿನ ಬಿಳಿ ದೊರೆ ತನ್ನ ದೇಶಕ್ಕೆ ಹೊರಡುವಾಗ ಮಾರಿಹೋದ ಪಂಪು ಕೋವಿ. ನಳಿಗೆ ಒಂದೇ, ಅದರಡಿಯಲ್ಲಿ ಇನ್ನೊಂದು ಕೊಳವೆ. ಅದರಲ್ಲಿ ಸಾಲಾಗಿ ಐದು ತೋಟೆ ಕೂರುತ್ತವೆ. ಕೊಳವೆಯ ಮೇಲಿನ ಮರದ ಹಿಡಿಯನ್ನು ಹಿಂದಕ್ಕೆಳೆದರೆ ಸುಟ್ಟ ತೋಟೆ ಹೊರಗೆ, ಮುಂದಕ್ಕೆ ತಳ್ಳಿದರೆ ಹೊಸದು ಒಳಗೆ. ಗೌಡರು ಅದನ್ನು ಎತ್ತಿ, ಎದುರಿನ ಸಾಲಿನ ಹೆಂಚಿನ ಮೇಲೆ ಕೂತಿದ್ದ ಕಾಗೆಗೆ ಗುರಿಯಿಟ್ಟು, ಎಳೆದರು, ತಳ್ಳಿದರು, ಮತ್ತೆ ಎಳೆದರು. ಮುಖವೆಲ್ಲ ಅರಳಿತ್ತು.

ಎರಡು ತಿಂಗಳು. ಕೆರಿಯಪ್ಪನಿಗೆ ಲೆಕ್ಕ ಹಾಕುವುದಕ್ಕೆ ಬೆರಳೂ ಬೇಕಾಗಲಿಲ್ಲ. ಅವನ ರಿಪೋರ್ಟಿಗೆ ಗೌಡರು ರುಜು ಹಾಕಿದ್ದೂ ಆಗಲೇ.

"ಯಾರಿಗೆ ಗೌಡ್ರೇ ಇದು?" ಎಂದ.

"ನಿಂಗೇ ಕಣೋ! ನಿನ್ನ ಹೆಸ್ರಿಗೇ ಬರೀತಾರೆ" ಎಂದರು ಗೌಡರು, ಕಾಗೆಯ ಮೇಲಿನ ಕಣ್ಣು ತೆಗೆಯದೆ. "ನನ್ನ ಲೈಸೆನ್ಸಲ್ಲಿ ಎರಡು ಆಗೋಗಿದಾವೆ. ಮೂರನೇದು ಬರೆಸ್ಬೇಕು ಅಂದ್ರೆ ಶಿವಮೊಗ್ಗದ ತಂಕ ಅಲೀಬೇಕು. ನಿನ್ನ ಹೆಸ್ರಲ್ಲಿದ್ರೇನು, ನನ್ನ ಹೆಸ್ರಲ್ಲಿದ್ರೇನು, ಎಲ್ಲ ಒಂದೇ ಅಲ್ವೇನೋ? ನಮ್ಮನೆ ಉಪ್ಪರಿಗೇಲಿ ಇರ್ಲಿ. ನಿನ್ನ ಹುಲ್ಲಿನ ಮನೇಲಿ ತುಕ್ಕು ಹಿಡೀತದೆ. ಬೇಟೆ ದಿನ ಬಂದು ಇಸ್ಕಂಡು ಹೋಗು."

ಹಣದ ಮಾತನ್ನು ಅವರು ಎತ್ತಲೇ ಇಲ್ಲ. ಕೆರಿಯಪ್ಪನ ಹೋರಿಗಳು ಪಟೇಲರ ಉಪ್ಪರಿಗೆಗೆ ಕೋವಿಯಾಗಿ ಹತ್ತಲಿವೆ ಎಂಬುದು ಅವರಿಗೆ ಬೆಳಗಾದರೆ ಸೂರ್ಯ ಹುಟ್ಟುವಷ್ಟೇ ಸಹಜವಾಗಿತ್ತು.

"ಒಂಚೂರು ಕೊಡಿ, ನೋಡ್ತೀನಿ" ಎಂದು ಕೆರಿಯಪ್ಪ ಕೈ ಚಾಚಿದ. ಗೌಡರು ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟರು. ಕೋವಿ ಭಾರವಿತ್ತು, ಆದರೆ ಭಾರ ಎರಡು ಕೈಗೂ ಸರಿಯಾಗಿ ಹಂಚಿಕೊಂಡು ಕೂತಿತ್ತು. ಹಿಡಿ ಎಳೆದ. ಬೆಣ್ಣೆಯಲ್ಲಿ ಜಾರಿದ ಹಾಗೆ ಬಂತು. ತಳ್ಳಿದ. ಒಂದು ತಪ್ಪಿದರೆ ಇನ್ನೊಂದು, ಅದು ತಪ್ಪಿದರೆ ಮತ್ತೊಂದು, ಕಣ್ಣು ಗುರಿ ಬಿಡಬೇಕಾಗಿಯೇ ಇಲ್ಲ. ಇಂಥದೊಂದು ಆ ದಿನ ಕೈಯಲ್ಲಿದ್ದಿದ್ದರೆ ಬೆಳ್ಳಪ್ಪ ಇವತ್ತು ನೆಟ್ಟಗೆ ನಡೆಯುತ್ತಿದ್ದ. ಒಂಟಿ ನಳಿಗೆಯ ಆಸೆ ಅಲ್ಲಿಗೇ ಸತ್ತುಹೋಯಿತು. ಕೋವಿಯ ವಿಷಯದಲ್ಲಿ ಗೌಡರ ಆಯ್ಕೆ ಸರಿಯಾಗಿಯೇ ಇದೆಯಲ್ಲ ಎಂಬುದು ಅವನನ್ನು ಇನ್ನಷ್ಟು ಉರಿಸಿತು.

ಭುಜಕ್ಕೆ ಏರಿಸಲು ಹೋದ. ಮರ ಕಂಕುಳಿಗೆ ತಗುಲಿ ನಿಂತಿತು. ಕತ್ತು ಉದ್ದ ಮಾಡಿದ, ಮೊಣಕೈ ಹೊರಗೆ ತಿರುಗಿಸಿದ, ಆದರೂ ಈಡು ಹಾರಿಸಲು ಎಳೆಯುವ ಕುದುರೆಗೆ ಬೆರಳಿನ ತುದಿಯಷ್ಟೇ ತಾಗಿತು.

ಗೌಡರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನೋಡ್ರಿ ಸಾಹುಕಾರ್ರೇ, ಒನಕೆ ಹಿಡ್ದಂಗೆ ಹಿಡ್ದಾನೆ! ಬಿಡೋ, ಅದು ನಿಂಗೆ ಹಿಡಿಯೋದಲ್ಲ. ನಂಗಾದ್ರೆ ಹೇಳಿ ಮಾಡಿಸ್ದಂಗೈತೆ." ನಗು ಮುಗಿಸಿ ಎದ್ದರು. "ನಾನು ಅಡಿಕೆ ಮಂಡಿಗೆ ಹೋಗಿ ಬರ್ತೀನಿ. ಹಣ ಕೊಟ್ಟು, ರುಜು ಹಾಕಿ, ಕಟ್ಟಿಸಿ ಇಟ್ಕಂಡಿರು. ಎರಡು ಗಂಟೆ ಬಸ್ಸಿಗೆ ಹೋಗಾಣ."

ಗೌಡರು ಬೀದಿ ದಾಟುವವರೆಗೆ ಕೆರಿಯಪ್ಪ ಅಲ್ಲಾಡಲಿಲ್ಲ. ಆಮೇಲೆ ಹಣ ಕೊಟ್ಟ. ಗಣೇಶಮೂರ್ತಿ ದಪ್ಪ ಪುಸ್ತಕ ತೆಗೆದು ಕೋವಿಯ ನಂಬರು ಬರೆದು, ಅದರೆದುರು 'ಕೆರಿಯಪ್ಪ ಬಿನ್ ಹುಲಿಯಪ್ಪ' ಎಂದು ಬರೆದರು. ರುಜು ಹಾಕಿಸಿಕೊಂಡ ಮೇಲೆ ಅವರ ದನಿ ಸ್ವಲ್ಪ ತಗ್ಗಿತು.

"ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡಪ್ಪ. ಈ ಕೋವಿಯಿಂದ ಯಾರಿಗೆ ಏನೇ ಆದ್ರೂ ಪೊಲೀಸರು ಬರೋದು ನಿನ್ನ ಮನೆ ಬಾಗಿಲಿಗೆ. ಯಾರು ಹೊಡೆದರು ಅಂತ ಕೇಳಲ್ಲ, ಪುಸ್ತಕದಲ್ಲಿ ಯಾರ ಹೆಸರಿದೆ ಅಂತ ನೋಡ್ತಾರೆ."

ಅಂದರೆ ಇಲ್ಲಿಯೂ ಅದೇ. ಬಿದ್ದರೆ ಅವರದು, ತಪ್ಪಿದರೆ ಇವನದು, ಈ ಸಲ ಸರಕಾರದ ಮೊಹರು ಬೇರೆ. ಅಂಗಡಿಯ ಹಿಂಭಾಗದಲ್ಲಿ ಒಬ್ಬ ಮುದಿ ಆಚಾರಿ ಯಾವುದೋ ಕೋವಿಯ ಒಡೆದ ಮರಕ್ಕೆ ತೇಪೆ ಹಾಕುತ್ತಾ ಕೂತಿದ್ದ. ಕೆರಿಯಪ್ಪ ಪಂಪು ಕೋವಿ ಎತ್ತಿಕೊಂಡು ನೇರ ಅವನೆದುರು ಹೋಗಿ ನಿಂತ.

"ಆಚಾರ್ರೇ, ಇದನ್ನ ನನ್ನ ಕೈಗೆ ಸರಿ ಮಾಡೋಕಾಗ್ತದಾ?"

ಆಚಾರಿ ಕನ್ನಡಕ ಏರಿಸಿ ನೋಡಿದ. "ಮೊಣಕೈ ಮಡಚು" ಎಂದ. ಕೋವಿಯ ಹಿಂಬದಿಯನ್ನು ಮಡಚಿದ ಮೊಣಕೈಗೆ ಒತ್ತಿ, ಬೆರಳು ಎಲ್ಲಿಗೆ ಬರುತ್ತದೆಂದು ನೋಡಿ, ಮರದ ಮೇಲೆ ಸೀಸದಕಡ್ಡಿಯಿಂದ ಗೀಟು ಹಾಕಿದ. "ಮೂರು ಬೆರಳು ಜಾಸ್ತಿ ಐತೆ. ಕೊಯ್ದು ತೆಗ್ದ್ರೆ ನಿನ್ನ ಭುಜಕ್ಕೆ ಕೂರ್ತದೆ. ಆದ್ರೆ ಕೊಯ್ದ್ಮೇಲೆ ಕೊಯ್ದಂಗೇಯ. ಉದ್ದ ಕೈಯೋರಿಗೆ ಆಮೇಲೆ ಇದು ಬರಾಕಿಲ್ಲ. ಯೋಚ್ನೆ ಮಾಡು."

"ಕೊಯ್ಯಿ" ಎಂದ ಕೆರಿಯಪ್ಪ.

ಆಚಾರಿ ತಿರುಪು ಬಿಚ್ಚಿ ಹಿಂದಿನ ಕರಿ ತಟ್ಟೆ ತೆಗೆದ, ಮರವನ್ನು ಕೋವಿಯಿಂದ ಬಿಡಿಸಿದ, ಗೋಣಿ ತುಂಡು ಸುತ್ತಿ ಹಲಗೆಗೆ ಬಿಗಿದ ಇಕ್ಕಳಕ್ಕೆ ಸಿಕ್ಕಿಸಿದ. ಸಣ್ಣ ಹಲ್ಲಿನ ಗರಗಸ ಗೀಟಿನ ಮೇಲೆ ಕೂತಿತು. ಅಕ್ರೋಟು ಮರವಂತೆ, ಗಟ್ಟಿ. ಕಂದು ಹುಡಿ ಉದುರತೊಡಗಿತು. ಗರಗಸ ಅರ್ಧ ಇಳಿದಿತ್ತು, ಅಷ್ಟರಲ್ಲಿ ಬಾಗಿಲ ಬೆಳಕಿಗೆ ಗೌಡರು ಅಡ್ಡ ನಿಂತರು.

"ಏ! ಏನ್ರೋ ಅದು? ನಿಲ್ಸೋ!"

ಆಚಾರಿಯ ಕೈ ನಿಂತುಹೋಯಿತು. ಗೌಡರು ಮೇಜು ಸುತ್ತಿ ಒಳಗೆ ಬಂದರು, ಅರ್ಧ ಕೊಯ್ದ ಮರ ನೋಡಿದರು, ಮುಖ ಕೆಂಪಗಾಯಿತು. "ಗಣೇಶಮೂರ್ತಿ, ಯಾರನ್ನ ಕೇಳಿ ಕೊಯ್ಸಿದ್ರಿ?"

ಗಣೇಶಮೂರ್ತಿ ಪುಸ್ತಕದ ಮೇಲೆ ಕೈಯಿಟ್ಟುಕೊಂಡು, "ಕೋವಿ ಯಾರ ಹೆಸರಲ್ಲಿದೆಯೋ ಅವರೇ ಹೇಳಿದ್ದು ಗೌಡರೇ" ಎಂದು ಗೊಣಗಿದರು.

"ಹೆಸರಂತೆ ಹೆಸರು! ನಾನು ಬರ್ಕೊಟ್ಟ ಹೆಸರು!" ಗೌಡರು ಕೆರಿಯಪ್ಪನ ಕಡೆ ತಿರುಗಿದರು. "ನಿಂಗೇನು ಬಂತೋ ಕೆರಿಯಾ? ಅರ್ಧಕ್ಕೆ ಬಿಡು, ಅಂಟು ಹಾಕ್ಸಿ ಸರಿ ಮಾಡ್ಸಾಣ. ಇಲ್ಲಾಂದ್ರೆ ನಾಳೆನೇ ಇನ್ನೊಂದು ರಿಪೋರ್ಟು ಬರೀತೀನಿ. ಕೋವಿ ಹೋಗಿ ಠಾಣೇಲಿ ಕೂರ್ತದೆ. ಗದ್ದೆ ವಿಷ್ಯನೂ ಯೋಚ್ನೆ ಮಾಡ್ಕೋ."

ಆಚಾರಿ ಗರಗಸದಿಂದ ಕೈ ತೆಗೆದು ಪಂಚೆಗೆ ಒರೆಸಿಕೊಂಡ. ಅವನಿಗೆ ಯಾರ ಜಗಳವೂ ಬೇಡವಾಗಿತ್ತು. ಗರಗಸ ಮರದೊಳಗೆ ಕಚ್ಚಿಕೊಂಡು ಹಾಗೆಯೇ ನಿಂತಿತ್ತು.

ಗದ್ದೆ ಎಂದಾಗ ಕೆರಿಯಪ್ಪ ಹೆದರಿದ್ದು ನಿಜ. ಆದರೆ ಹೆದರಿಕೆಯ ಹಿಂದೆಯೇ ಕೋಪವೂ ಏರಿ ಬಂತು.

"ಬರೀರಿ ಗೌಡ್ರೇ" ಎಂದ. ದನಿ ಅವನದೇ ಎಂದು ಅವನಿಗೇ ಗುರುತು ಹತ್ತಲಿಲ್ಲ. "ಹದಿನೈದು ವರ್ಷ ನಾ ಹೊಡ್ದ ಹಂದಿ ಎಲ್ಲ ನೀವು ಹೊಡ್ದಿದ್ದು ಅಂದ್ರಿ. ಸುಮ್ನಿದ್ದೆ. ಬೆಳ್ಳಪ್ಪನ ತೊಡೆ ಹರ್ದಿದ್ದು ಮಾತ್ರ ನಂದಾಯ್ತು. ಅವತ್ತು ನನ್ನ ಕೈ ತಪ್ಪಿರ್ಲಿಲ್ಲ. ನಿಮ್ಮ ಕೋವಿ ನನ್ನ ಕಂಕ್ಳಲ್ಲಿ ಸಿಕ್ಕಂಡಿತ್ತು. ಹೇಳಿದ್ರೆ ಕೇಳೋರು ಯಾರಿದ್ರು? ಬರ್ಕಳಿ ಹೋಗಿ. ಇದೂ ನಂದೇ ತಪ್ಪು ಅಂತ ಬರ್ಕಳಿ."

ಕೆರಿಯಪ್ಪ ಇಕ್ಕಳದ ಮುಂದೆ ಕುಕ್ಕರುಗಾಲಲ್ಲಿ ಕೂತ. ಗರಗಸದ ಹಿಡಿ ಹಿಡಿದ. ಮರಗೆಲಸ ಅವನಿಗೆ ಬರುತ್ತಿರಲಿಲ್ಲ. ಮೊದಲ ಎಳೆತಕ್ಕೆ ಗರಗಸ ಬಳುಕಿ ಕೀಚಲು ದನಿ ಹೊರಡಿಸಿತು. ಎರಡನೆಯದಕ್ಕೆ ಹಾದಿಗೆ ಬಂತು. ಗೌಡರ ಚಪ್ಪಲಿ ಅವನ ಪಕ್ಕದಲ್ಲೇ ಇತ್ತು, ಅವನು ಅದನ್ನೂ ನೋಡಲಿಲ್ಲ. ಮೂರು ಬೆರಳಗಲದ ತುಂಡು ಕೊನೆಗೆ ಬಿರುಕುಬಿಟ್ಟು ಕೆಳಗೆ ಬಿದ್ದು, ಉರುಳಿ ಗೌಡರ ಕಾಲ ಬಳಿ ನಿಂತಿತು. ಅವರು ಅದನ್ನು ನೋಡಿದರು. ಆಮೇಲೆ ಮೆಟ್ಟಿಲಿಳಿದು ಹೋದರು.

ಆಚಾರಿ ಇಕ್ಕಳ ಸಡಿಲಿಸಿ ಮರವನ್ನು ಕೈಗೆ ಕೊಟ್ಟ, ಅದರ ಮೇಲೊಂದು ಮರಳು ಕಾಗದವನ್ನೂ ಇಟ್ಟ. "ಅಂಚು ಹಾಗೇ ಬಿಟ್ರೆ ಸೀಳ್ತದೆ. ಉಜ್ಜು, ಆಮೇಲೆ ತಟ್ಟೆ ಕೂರಿಸ್ತೀನಿ."

ಕೆರಿಯಪ್ಪ ಬೀದಿಗಿರುವ ಮೆಟ್ಟಿಲ ಮೇಲೆ ಬಂದು ಕೂತು, ಮರವನ್ನು ಮೊಣಕಾಲ ನಡುವೆ ಹಿಡಿದು ಉಜ್ಜತೊಡಗಿದ. ಹಳೆಯ ಪಾಲಿಶಿನ ಕೆಳಗೆ ಕೊಯ್ದ ಜಾಗ ಮಾತ್ರ ಬಿಳಿಚಿಕೊಂಡಿತ್ತು. ಬಸ್‌ಸ್ಟ್ಯಾಂಡಿನ ಕಡೆಯಿಂದ ಕಂಡಕ್ಟರು "ಹೊಸ್ನಗ್ರ, ಹೊಸ್ನಗ್ರ" ಎಂದು ಕೂಗುವುದು ಕೇಳಿಸಿತು, ಸೀಟಿ ಊದಿದ್ದು ಕೇಳಿಸಿತು, ಎರಡು ಗಂಟೆಯ ಬಸ್ಸು ಹೊರಟದ್ದೂ ಕೇಳಿಸಿತು. ತಲೆಯೆತ್ತದೆ, ಅಂಚನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿಕೊಂಡು ಉಜ್ಜುತ್ತಲೇ ಇದ್ದ.