ಎಡಗಡೆಯ ಜೇಬು

ನಮ್ಮ ಶಾಲೆಯ ಕಲೀಪಾ ಎಜೆ, ಎಂದರೆ ಕಲೀಪಾ ಅಕ್ಕ, ನಡೆದು ಬರುವುದನ್ನು ದೂರದಿಂದ ಕಂಡವರು, ಪಾಪ, ಬಲಗಾಲು ಗಿಡ್ಡವಿರಬೇಕು ಎಂದುಕೊಳ್ಳುತ್ತಾರೆ. ಕಾಲು ಎರಡೂ ಸಮವಾಗಿಯೇ ಇವೆ. ಓರೆಯಾಗಿರುವುದು ಅವರ ಕೋಟು. ಮಂಡಿಯ ಕೆಳಗಿಳಿಯುವ ಆ ಬೂದು ಉಣ್ಣೆಯ ಕೋಟಿನ ಬಲಜೇಬು ತುಂಬು ಬಸುರಿಯಂತೆ ಉಬ್ಬಿ ಜೋಲುತ್ತದೆ. ಎಡಜೇಬು ಇಸ್ತ್ರಿ ಮಾಡಿಟ್ಟಂತೆ ಚಪ್ಪಟೆ. ನರೀನ್ ನದಿಯ ಮೇಲ್ದಂಡೆಯ ನಮ್ಮೂರಿನ ಗಾಳಿಗೆ ಕುರಿಗಳೂ ಹೆಜ್ಜೆ ತಪ್ಪುತ್ತವೆ, ಎಜೆ ಮಾತ್ರ ಬಲಕ್ಕೆ ವಾಲಿಕೊಂಡೇ ದಿಬ್ಬ ಹತ್ತಿ, ಗಂಟೆ ಹೊಡೆಯುವ ಮೊದಲೇ ಶಾಲೆಯ ಬಾಗಿಲಲ್ಲಿರುತ್ತಾರೆ.

"ಭಾರಾನ ಎಡಕ್ಕೂ ಸ್ವಲ್ಪ ಹಂಚ್ಕೋಬಾರ್ದೇನೇ ಕಲೀಪಾ? ಹಿಂಗೇ ವಾಲ್ತಾ ಇದ್ರೆ ಒಂದಿನ ಹೊಳೆಗೇ ಬೀಳ್ತೀಯ" ಎಂದು ಬೇಲಿಗೊರಗಿದ ಮುದುಕರು ರೇಗಿಸುತ್ತಾರೆ.

"ಎಡಗಡೇದು ಒಬ್ಬಳದ್ದು" ಎನ್ನುತ್ತಾರೆ ಎಜೆ, ನಿಲ್ಲದೆ.

ಬಲಜೇಬಿನಲ್ಲಿರುವುದು ಕಂಬಳಿ ಕತ್ತರಿಸುವ ಅವರ ತಾಯಿಯ ಕಬ್ಬಿಣದ ಕತ್ತರಿ, ಮತ್ತು ಆ ಕತ್ತರಿಯಿಂದ ಮಕ್ಕಳು ತಮ್ಮ ತಮ್ಮ ಕತೆಗಳಿಂದ ಕತ್ತರಿಸಿ ತೆಗೆದ ಸಾಲುಗಳು. ನಾಲ್ಕನೆಯ ತರಗತಿಗೆ ಕತೆ ಬರೆಯಲು ಕಲಿಸುವವರು ಎಲ್ಲೆಡೆ ಸಿಗುತ್ತಾರೆ. ಬರೆದ ಕತೆಯನ್ನು ತಾವೇ ತಿದ್ದಿಕೊಳ್ಳಲು ಕಲಿಸುವವರು ವಿರಳ. ಕಲೀಪಾ ಎಜೆಯ ಮೇಜಿನ ಮೇಲೆ ಕೆಂಪು ಶಾಯಿ ಎಂದೂ ಇರಲಿಲ್ಲ. ಹಸಿರು ರಟ್ಟಿನ ತೆಳ್ಳನೆಯ ಪುಸ್ತಕ ಹಿಡಿದು ಮಗು ಒಲೆಯ ಪಕ್ಕ ನಿಂತು ತನ್ನ ಕತೆಯನ್ನು ಗಟ್ಟಿಯಾಗಿ ಓದಬೇಕು. ಎಜೆ ಕಣ್ಣುಮುಚ್ಚಿ, ಉಪ್ಪುಹಾಕಿದ ಹಾಲಿನ ಚಹಾ ಗುಟುಕರಿಸುತ್ತ ಕೇಳುತ್ತಾರೆ.

"ಎಲ್ಲಿ ನಾಲಿಗೆ ಓಡ್ತು, ಚಿನ್ನ?"

"ಹಿಮ ಬಿದ್ದ ಕಡೆ, ಎಜೆ."

"ಯಾಕೆ ಓಡ್ತು?"

"ಅಲ್ಲಿ ಏನೂ ಆಗಲ್ಲ. ಸುಮ್ನೆ ಬೀಳುತ್ತೆ. ಬೇಗ ದಾಟ್ಬಿಡೋಣ ಅನ್ಸ್ತು."

"ಹಂಗಾದ್ರೆ ಏನ್ ಮಾಡೋಣ? ನಿನ್ ಕತೆ, ನಿನ್ ಕತ್ತರಿ."

ಮೊದಲೆಲ್ಲ ಮಗು ತಾನೇ ಕತ್ತರಿಸಿ, ಆ ಚೂರನ್ನು ತಾನೇ ಒಲೆಗೆ ಹಾಕುತ್ತಿತ್ತು. ಕತೆಗೆ ಬೇಡವಾದ ಮಾತು ಕೋಣೆಯನ್ನಾದರೂ ಬೆಚ್ಚಗಿಡಲಿ ಎಂಬುದು ಎಜೆಯ ವಿನೋದ. ಬೆರಣಿಯ ಹೊಗೆಯ ನಡುವೆ ಮಕ್ಕಳ ಒಂದೊಂದು ಸಾಲೂ ಭುಗ್ಗೆಂದು ಉರಿದು ಮಾಯವಾಗುವುದನ್ನು ಇಡೀ ತರಗತಿ ಉಲ್ಲಾಸದಿಂದ ನೋಡುತ್ತಿತ್ತು. ಅವರ ನಿಯಮ ಒಂದೇ: ಎಲ್ಲಿ ಕತ್ತರಿಸಬೇಕೆಂದು ಎಜೆಯ ಬೆರಳು ತೋರಿಸಕೂಡದು. ಇಪ್ಪತ್ತೆರಡು ವರ್ಷ ಆ ಬೆರಳು ಮಡಿಲಲ್ಲೇ ಇತ್ತು. ಒಂದು ಸಲ ಮಾತ್ರ ಎದ್ದಿತು.

ಆ ವರ್ಷ ಜಿಲ್ಲಾ ಸ್ಪರ್ಧೆಗೆ ನಮ್ಮ ಶಾಲೆಯಿಂದ ಮೊದಲ ಬಾರಿಗೆ ಕತೆ ಕೇಳಿದ್ದರು. ಒಂದು ಪುಟ ಮೀರಬಾರದು. ಬೆಗಾಯಿಮ್ ಎಂಬ ಒಂಬತ್ತು ವರ್ಷದ ಹುಡುಗಿ, ಹಿಮಗಾಳಿಯಲ್ಲಿ ಕಳೆದುಹೋಗಿ ಮೂರನೆಯ ದಿನ ತಾನಾಗಿ ಮರಳಿದ ತಮ್ಮ ಮನೆಯ ಕುದುರೆಯ ಕತೆ ಬರೆದಿದ್ದಳು. ಆದರೆ ಕುದುರೆ ಬರುವ ಮೊದಲು ಅವಳ ಏಳು ತಲೆಮಾರಿನ ಹಿರಿಯರು ಬಂದರು. ಏಳು ಹೆಸರು ನಮ್ಮಲ್ಲಿ ಯಾವ ಮಗುವಿಗೆ ಬಾರದು? ಬೆಗಾಯಿಮ್‌ಳ ತಾತ ಎಸೆನಾಲಿ ಮಾತ್ರ ಪ್ರತಿ ಹೆಸರಿಗೂ ಒಂದೊಂದು ಮಾತು ಕಟ್ಟಿ ಹೇಳುತ್ತಿದ್ದರು: ಇಂಥವನು ಕುದುರೆಗೆ ಕುಡಿಸದೆ ತಾನು ನೀರು ಮುಟ್ಟದವನು, ಇಂಥವನು ನಿದ್ದೆಯಲ್ಲಿ ನಗುತ್ತಿದ್ದವನು. ಹುಡುಗಿ ಅದನ್ನೆಲ್ಲ ತಾತನ ಬಾಯಿಂದ ಕೇಳಿ ಹಾಗೆಯೇ ಇಳಿಸಿದ್ದಳು.

"ನಿನ್ ತಾತಂದಿರೆಲ್ಲ ಮುಗಿಯೋ ಹೊತ್ಗೆ ಕುದ್ರೆ ಹಲ್ಲು ಉದುರೋಗಿರುತ್ತೆ ಕಣೇ!" ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ತರಗತಿ ನಕ್ಕಿತು. ಎಜೆಗೂ ನಗು ಬಂತು.

"ಎಲ್ಲಿ ನಾಲಿಗೆ ಓಡ್ತು, ಚಿನ್ನ?"

ಹುಡುಗಿ ಪುಸ್ತಕ ನೋಡಿದಳು, ಒಲೆ ನೋಡಿದಳು. "ಎಲ್ಲೂ ಓಡ್ಲಿಲ್ಲ, ಎಜೆ."

"ಇನ್ನೊಂದ್ಸಲ ಓದು."

ಓದಿದಳು. "ಓಡ್ಲಿಲ್ಲ."

ಅಲ್ಲಿಗೆ ಬಿಡಬೇಕಿತ್ತು. ಆದರೆ ಅಂಚೆಯ ಗಾಡಿ ಮಧ್ಯಾಹ್ನಕ್ಕೆ ಹೊರಡುವುದಿತ್ತು, ಪುಟ ಒಂದೇ ಇರಬೇಕಿತ್ತು, ನಮ್ಮ ಶಾಲೆಯ ಹೆಸರು ಜಿಲ್ಲೆಯಲ್ಲಿ ಕೇಳಿಬರಬೇಕೆಂಬ ಆಸೆ ಎಜೆಯ ಎದೆಯಲ್ಲಿ ಹೊಗೆಯಾಡುತ್ತಿತ್ತು. ಬೆರಳು ಎದ್ದಿತು. "ಇಲ್ಲಿಂದ ಇಲ್ಲೀವರೆಗೆ, ಬಂಗಾರ. ಕತೆಗೆ ಇದು ಬೇಡ. ಕುದುರೆಯಿಂದ ಶುರುಮಾಡು."

ಹಿರಿಯರ ಮಾತಿಗೆ ಎದುರಾಡುವ ಮಕ್ಕಳು ನಮ್ಮಲ್ಲಿಲ್ಲ. ಬೆಗಾಯಿಮ್ ಕತ್ತರಿಸಿದಳು. ಅಗಲವಾದ ಚೂರು, ಒಮ್ಮೆಗೇ ಉರಿಯಲಿಲ್ಲ. ಕಡ್ಡಿಯಿಂದ ಒಳಕ್ಕೆ ದೂಡಬೇಕಾಯಿತು. ಕತೆಗೆ ಮೊದಲ ಬಹುಮಾನ ಬಂತು. ಪ್ರಶಸ್ತಿಪತ್ರ ಇಂದಿಗೂ ಶಾಲೆಯ ಗೋಡೆಯ ಮೇಲಿದೆ.

ವಸಂತದಲ್ಲಿ ಎಸೆನಾಲಿ ತಾತ ತೀರಿಕೊಂಡರು. ನಲವತ್ತನೆಯ ದಿನದ ಊಟಕ್ಕೆ ವಾರವಿರುವಾಗ ಬೆಗಾಯಿಮ್‌ಳ ತಂದೆ ಟೋಪಿ ಕೈಯಲ್ಲಿ ಹಿಡಿದು ಶಾಲೆಗೆ ಬಂದ. ಕುರಿಗಳ ಹಿಂದೆ ಬೆಟ್ಟದಲ್ಲೇ ವಯಸ್ಸು ಕಳೆದವನು.

"ಎಜೆ, ಹೆಸ್ರುಗಳೇನೋ ನನಗೂ ಬರುತ್ತೆ. ಅಪ್ಪ ಜೊತೇಲಿ ಹೇಳ್ತಿದ್ದ ಮಾತಿತ್ತಲ್ಲ, ಅದು ಯಾರಿಗೂ ಬರಲ್ಲ. ನಾನು ಕೇಳಿದ್ದೆ, ಕಿವಿ ಕೊಟ್ಟಿರ್ಲಿಲ್ಲ. ಊಟದ ದಿನ ಎದ್ದು ನಿಂತು ಬರೀ ಹೆಸ್ರು ಹೇಳಿದ್ರೆ ಹಾಜರಿ ಕೂಗ್ದಂಗಿರುತ್ತೆ. ಹುಡುಗಿ ಬರ್ದಿದ್ಲಂತೆ, ಆ ಹಾಳೆ ನಿಮ್ಹತ್ರ ಇದ್ಯಾ?"

ಎಜೆ ಒಲೆಯತ್ತ ನೋಡಿದರು. ಬೇಸಿಗೆಗೆಂದು ಬೂದಿ ತೆಗೆದು, ತೊಳೆದು, ಸುಣ್ಣ ಬಳಿದಾಗಿತ್ತು. ಹುಡುಗಿಯನ್ನು ಕರೆಸಿದರು.

"ನೀನೇ ಬರ್ದಿದ್ದಲ್ವಾ ಚಿನ್ನ, ನೆನಪು ಮಾಡ್ಕೋ."

ಅವಳಿಗೆ ಎರಡು ನೆನಪಾದವು, ಮೂರನೆಯದು ಅರ್ಧ. ಆಮೇಲೆ ತಪ್ಪೇನೂ ಮಾಡದವಳ ಧ್ವನಿಯಲ್ಲಿ ಹೇಳಿದಳು: "ಬೇಡ ಅಂದ್ರಲ್ಲ ಎಜೆ. ಅದಕ್ಕೇ ಮರೆತೆ."

ಎಜೆಗೆ ನೆನಪಿದ್ದುದು ನಿದ್ದೆಯಲ್ಲಿ ನಗುತ್ತಿದ್ದವನೊಬ್ಬನೇ. ಅವನ ಹೆಸರು ಏಳರಲ್ಲಿ ಯಾವುದೆಂದು ಅವರಿಗೂ ತಿಳಿಯದು; ಅಷ್ಟನ್ನೇ ಹೇಳಿ ಕಳಿಸಿದರು. ಊಟದ ದಿನ ಎಲ್ಲರೂ ಅವನ ಮಾತೆತ್ತಿ ನಕ್ಕರಂತೆ, ಅತ್ತರಂತೆ. ಎಜೆ ಹೋಗಿರಲಿಲ್ಲ.

ಅಂದಿನಿಂದ ಒಲೆಗೆ ಬೆರಣಿ ಮಾತ್ರ. ಕತ್ತರಿಸಿದ ಪ್ರತಿ ಚೂರೂ, ಸುಮ್ಮನೆ ಬಿದ್ದ ಹಿಮವೂ ಸೇರಿದಂತೆ, ಮಗುವಿನ ಹೆಸರು ಬರೆಸಿಕೊಂಡು ಬಲಜೇಬಿಗೆ. ಬೆಗಾಯಿಮ್ ಮುಂದೆ ಐದು ವರ್ಷ ಅಲ್ಲೇ ಓದಿದಳು. ಅವಳ ಬರಹ ಯಾವಾಗಲೂ ಸರಿಯಾಗಿ ಒಂದು ಪುಟ; ಓದಿದರೆ ನಾಲಿಗೆ ಎಲ್ಲೂ ಓಡುತ್ತಿರಲಿಲ್ಲ, ಎಲ್ಲೂ ನಿಲ್ಲುತ್ತಲೂ ಇರಲಿಲ್ಲ. ಕತ್ತರಿಸಲು ಒಂದು ಪದವೂ ಇಲ್ಲದ ಆ ಹಾಳೆಗಳನ್ನು ಬೇರೆ ಶಿಕ್ಷಕರು ಮೆಚ್ಚಿ ಎಲ್ಲರಿಗೂ ತೋರಿಸುತ್ತಿದ್ದರು. ಎಜೆ ಎಡಜೇಬು ತೆರೆದು ಹಿಡಿದು, "ಏನಾದ್ರೂ ಇದ್ಯಾ ಚಿನ್ನ, ಹಾಕೋಕೆ?" ಎಂದು ಕೇಳುತ್ತಿದ್ದರು.

"ಏನೂ ಇಲ್ಲ ಎಜೆ" ಎನ್ನುತ್ತಿದ್ದಳು, ವಿನಯದಿಂದ.

ಮಕ್ಕಳ ಕೈಗೆ ಕತ್ತರಿ ಕೊಟ್ಟು ತಮ್ಮ ಕೈ ಕಟ್ಟಿಕೊಂಡು ಕೂರಬಲ್ಲ ಗುರುಗಳು ಲೋಕದಲ್ಲಿ ಕಡಿಮೆ. ಅಂಥವರ ಕೈಯಿಂದ ನೂರಾರು ಮಕ್ಕಳು ತಮ್ಮ ಮಾತನ್ನು ತಾವೇ ಕೇಳಿಸಿಕೊಳ್ಳಲು ಕಲಿತಿರುತ್ತಾರೆ, ಅದು ಆ ಗುರುಗಳಿಗೆ ನೆನಪಿರುವುದಿಲ್ಲ. ನೆನಪಿರುವುದು, ಮಗುವೊಂದು ಎರಡು ಸಲ ಓದಿ "ಎಲ್ಲೂ ಓಡಲಿಲ್ಲ" ಎಂದಾಗ ತಾವು ನಂಬದೇ ಹೋದದ್ದು. ಅಂಥವರು ಆಮೇಲೆ ನೆಟ್ಟಗೆ ನಡೆಯುವುದಿಲ್ಲ.